ಮಾತಾಡುವ ಮೆಟ್ಟಿಲುಗಳ ಊರಿನಲ್ಲಿ

ಆಳಂದ

ಜಪಾನ್ ನೋಡಿ ಬಂದೆ ಎಂದು ನಾನು ಹೇಳಿದರೆ ನಮ್ಮೂರ ಮಂದಿ ಮೊದಲು ಶಹಬ್ಬಾಸ್ ಎನ್ನುತ್ತಾರೆ. ಆಮೇಲೆ ಯಾರಾದರೊಬ್ಬರು ಮೆಲ್ಲಗೆ ಕೇಳುತ್ತಾರೆ: "ನೋಡಿ ಬಂದ್ರಿ ಅಂದ್ರ, ಹ್ಯಾಂಗ್ರಿ ಸರ?"

ಅವರು ಕೇಳುವುದರಲ್ಲಿ ತಪ್ಪಿಲ್ಲ. ನನಗೆ ಒಂಬತ್ತು ತುಂಬುವ ಹೊತ್ತಿಗೆ ಜ್ವರ ಬಂದು ಎರಡೂ ಕಣ್ಣು ಹೋದವು. ಅದಕ್ಕೆ ಮುಂಚೆ ಕಂಡದ್ದು ಅಷ್ಟಿಷ್ಟು ನೆನಪಿದೆ: ತೊಗರಿ ಹೊಲ ಹೂಬಿಟ್ಟಿದ್ದು, ನಮ್ಮವ್ವನ ಹಣೆಯ ವಿಭೂತಿ, ಗಾಣಗಾಪುರದ ಹತ್ತಿರ ಭೀಮೆಯ ಕಂದು ನೀರು. ಈಗ ನನಗೆ ನಲವತ್ತೇಳು. ಆಳಂದದ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಗೋಡೆಯ ಮೇಲಿನ ನಕಾಶೆಯಲ್ಲಿ ಜಪಾನ್ ಎಲ್ಲಿದೆ ಎಂದು ಮಕ್ಕಳಿಗೆ ಬೆರಳಿಟ್ಟು ತೋರಿಸುತ್ತ ಬಂದಿದ್ದೇನೆ. ಒಂದು ದಿನ ಅಲ್ಲಿ ನನ್ನ ಕಾಲೂ ಇಡುತ್ತೇನೆ ಎಂದುಕೊಂಡಿರಲಿಲ್ಲ.

ಕರೆದವಳು ನನ್ನ ತಂಗಿ ಸುವರ್ಣಾ. ಜೇವರ್ಗಿಯಲ್ಲಿ ನರ್ಸ್ ಆಗಿದ್ದವಳು, ಜಪಾನಿ ಭಾಷೆ ಕಲಿತು ಪರೀಕ್ಷೆ ಪಾಸಾಗಿ ಈಗ ಒಸಾಕಾದಲ್ಲಿ ವಯಸ್ಸಾದವರ ಆರೈಕೆಯ ಕೆಲಸ ಮಾಡುತ್ತಾಳೆ. "ಅಣ್ಣಾ, ಈ ಊರು ನಿನಗಂತಲೇ ಕಟ್ಟಿದಂಗದ. ಬೇಸಿಗಿ ರಜಾದಾಗ ವೈನಿನ್ನ ಕರಕೊಂಡು ಬಾ," ಎಂದಳು. ವೈನಿ ಎಂದರೆ ನನ್ನ ಹೆಂಡತಿ ನೀಲಮ್ಮ. ಅತನೂರಿನವಳು. ಹದಿನೇಳು ವರ್ಷದಿಂದ ನಾವಿಬ್ಬರೂ ಮನೆಯ ಹೊರಗೆ ಎಲ್ಲಿಗೆ ಹೋದರೂ ನನ್ನ ಎಡಗೈ ಅವಳ ಬಲಗೈ ಮೇಲೆ ಇರುತ್ತದೆ.

ಟಿಕೆಟ್ ತೆಗೆಯುವಾಗಲೇ ಮೊದಲ ಜಗಳ. ನನ್ನ ಮೊಬೈಲು ಪರದೆಯ ಮೇಲಿನ ಅಕ್ಷರವನ್ನೆಲ್ಲ ಕನ್ನಡದಲ್ಲಿ ಓದಿ ಹೇಳುತ್ತದೆ. ಹೆಣ್ಣು ದನಿ. ಅದಕ್ಕೆ ನೀಲಮ್ಮ ಇಟ್ಟ ಹೆಸರು "ಬಾಯಿಬಡಕಿ". ಪಾಠದ ಟಿಪ್ಪಣಿ, ಸುದ್ದಿ, ಸಂಬಂಧಿಕರ ಮೆಸೇಜು ಎಲ್ಲ ನಾನು ಅದರಿಂದಲೇ ಕೇಳುವುದು. ಆದರೆ ಟಿಕೆಟಿನ ಜಾಲತಾಣ ಮಾಡಿದವರಿಗೆ ನನ್ನಂಥವರು ಹಾರಾಡುತ್ತೇವೆಂಬ ಅಂದಾಜೇ ಇದ್ದಂತಿಲ್ಲ. ಗುಂಡಿಗಳಿಗೆ ಹೆಸರೇ ಕೊಟ್ಟಿಲ್ಲ. ಬಾಯಿಬಡಕಿ "ಬಟನ್, ಬಟನ್, ಬಟನ್" ಎಂದು ಒಂದೇ ಸಮನೆ ಹೇಳಿತು. ಅದೆಲ್ಲ ದಾಟಿ ಕೊನೆಗೆ ಬಂದರೆ, ನೀವು ಮನುಷ್ಯರೆಂದು ಸಾಬೀತು ಮಾಡಿ, ಬಸ್ಸಿರುವ ಚಿತ್ರಗಳನ್ನು ಒತ್ತಿ ಎಂದಿತು.

"ನೀಲಾ, ಬಾ ಬೇ ಇಲ್ಲಿ. ನಾ ಮನುಷ್ಯಾ ಅಂತ ಸಾಬೀತು ಮಾಡು."

ಅವಳು ಬಂದು ಒತ್ತಿದಳು. ಲಾರಿಯನ್ನು ಬಸ್ಸೆಂದು ಒತ್ತಿದಳೋ ಏನೋ, ಮೂರು ಸಲ ತಪ್ಪಾಯಿತು. "ನಿಮ್ಮ ಬಾಯಿಬಡಕಿಗಿ ಇಷ್ಟೆಲ್ಲಾ ಬರ್ತದ, ಬಸ್ಸು ಯಾವುದು ಅಂತ ಹೇಳಾಕ ಬರಂಗಿಲ್ಲೇನು?" ಎಂದು ಎದ್ದು ಹೋದಳು. ನಾಲ್ಕನೇ ಸಲ ಪಕ್ಕದ ಮನೆಯವರನ್ನು ಕರೆಸಿ ಮನುಷ್ಯನಾದೆ.

ಒಸಾಕಾ, ಮೊದಲ ದಿನಗಳು

ವಿಮಾನ ನಿಲ್ದಾಣದಿಂದ ಹೊರಗೆ ಬಂದು ಹತ್ತು ಹೆಜ್ಜೆ ಇಟ್ಟಿದ್ದೆ. ಕಾಲ ಕೆಳಗೆ ಉದ್ದುದ್ದ ಏಣುಗಳಿರುವ ಕಲ್ಲು ತಾಗಿತು. ಕುರುಡರಿಗಾಗಿ ಹಾಸುವ ಹಾದಿ ಕಲ್ಲು. ಉದ್ದ ಏಣು ಇದ್ದರೆ ಮುಂದೆ ನಡೆ, ಗುಂಡು ಚುಕ್ಕೆ ಇದ್ದರೆ ನಿಲ್ಲು. ನಮ್ಮ ಕಡೆಯೂ ಅಲ್ಲಲ್ಲಿ ಹಾಸಿದ್ದಾರೆ. ಒಂದು ಸ್ಟೇಷನ್ನಿನಲ್ಲಿ ನಾನು ನಂಬಿ ನಡೆದು ಹೋಗಿ ನಿಲ್ಲಿಸಿಟ್ಟಿದ್ದ ಮೋಟರ್ ಸೈಕಲ್ಲಿನ ಮೇಲೆ ಬಿದ್ದಿದ್ದೇನೆ. ಇನ್ನೊಂದು ಕಡೆ ಆ ಕಲ್ಲು ನೇರ ಒಂದು ಕಂಬಕ್ಕೆ ಹೋಗಿ ಮುಗಿಯುತ್ತದೆ. ಇಲ್ಲಿ ಹಾಗಲ್ಲ. ವಿಮಾನದಿಂದ ರೈಲಿಗೆ, ರೈಲಿನಿಂದ ರಸ್ತೆಗೆ, ರಸ್ತೆಯಿಂದ ಸುವರ್ಣಾಳ ಓಣಿಯ ಮೂಲೆಯವರೆಗೆ ಆ ಹಾದಿ ತುಂಡಾಗಲೇ ಇಲ್ಲ. ಈ ಕಲ್ಲು ಹುಟ್ಟಿದ್ದೇ ಈ ದೇಶದಲ್ಲಿ ಎಂದು ಸುವರ್ಣಾ ಹೇಳಿದಳು. ನಾನು ಕೋಲನ್ನು ಆ ಏಣುಗಳ ಮೇಲೆ ಜಾರಿಸುತ್ತ ನಡೆದೆ. ಬಾಡಿಗೆ ಮನೆಯಿಂದ ಸ್ವಂತ ಮನೆಗೆ ಬಂದವನ ಹಾಗೆ ಎದೆ ಹಗುರಾಯಿತು.

ಇನ್ನು ಅಲ್ಲಿಯ ಯಂತ್ರಗಳ ಮಾತು. ಚಲಿಸುವ ಮೆಟ್ಟಿಲು ಹತ್ತುವ ಮುಂಚೆ ಅದೇ ಹೇಳುತ್ತದೆ, ಇದು ಮೇಲೆ ಹೋಗುತ್ತದೆ, ಕಾಲ ಕಡೆ ಗಮನವಿರಲಿ ಎಂದು. ಲಿಫ್ಟು ಮಾತಾಡುತ್ತದೆ. ಸ್ಟೇಷನ್ನಿನ ಶೌಚಾಲಯದ ಮುಂದೆ ನಿಂತರೆ ಗಂಡಸರದು ಯಾವ ಕಡೆ ಹೆಂಗಸರದು ಯಾವ ಕಡೆ ಎಂದು ಒಂದು ದನಿ ತಿಳಿಸುತ್ತದೆ. ಪ್ಲಾಟ್‌ಫಾರ್ಮಿನ ಮೆಟ್ಟಿಲ ಬಳಿ ಹಕ್ಕಿ ಕೂಗುತ್ತದೆ. ನಿಜವಾದ ಹಕ್ಕಿಯಲ್ಲ, ಇಲ್ಲಿ ಮೆಟ್ಟಿಲಿದೆ ಎಂದು ತಿಳಿಯಲಿಕ್ಕೆ ಇಟ್ಟ ದನಿ. ರಸ್ತೆ ದಾಟುವಲ್ಲಿ ಒಂದು ದಿಕ್ಕಿಗೆ ಕೋಗಿಲೆಯಂಥ ಕೂಗು, ಅದಕ್ಕೆ ಅಡ್ಡವಾದ ದಿಕ್ಕಿಗೆ ಕೋಳಿಮರಿಯ ಚಿಂವ್ ಚಿಂವ್. ಸುವರ್ಣಾ ಎಲ್ಲವನ್ನೂ ಮೊದಲ ದಿನ ತರ್ಜುಮೆ ಮಾಡಿ ಹೇಳಿದಳು. ಎರಡನೇ ದಿನಕ್ಕೆ ತರ್ಜುಮೆ ಬೇಕಾಗಲಿಲ್ಲ.

"ಎಷ್ಟ ಮಾತಾಡ್ತಾವ್ರಿ ಇವು," ಎಂದಳು ನೀಲಮ್ಮ. "ಮಂದಿ ಮಾತ್ರ ತುಟಿ ಪಿಟಕ್ ಅನ್ನಂಗಿಲ್ಲ."

ಅದೂ ನಿಜ. ರೈಲಿನೊಳಗೆ ನೂರು ಜನ ಇದ್ದರೂ ಯಾರೂ ಇಲ್ಲದಷ್ಟು ಮೌನ. ಯಾರ ಮೊಬೈಲೂ ಕೂಗುವುದಿಲ್ಲ. ನಮ್ಮ ಆಳಂದದ ಬಸ್ಸಿನಲ್ಲಿ ಒಬ್ಬರು ಸಿನಿಮಾ, ಒಬ್ಬರು ಪ್ರವಚನ, ಒಬ್ಬರು ಮಗಳ ಮದುವೆಯ ಮಾತುಕತೆಯನ್ನೇ ಜೋರಾಗಿ ಹಚ್ಚಿರುತ್ತಾರೆ. ಅದರಲ್ಲಿ ನನಗೊಂದು ಅನುಕೂಲವಿದೆ. ಯಾರು ಎಲ್ಲಿ ಕೂತಿದ್ದಾರೆ, ಸೀಟು ಎಲ್ಲಿ ಖಾಲಿ ಇದೆ ಎಂದು ಸದ್ದಿನಿಂದಲೇ ಗೊತ್ತಾಗುತ್ತದೆ. ಒಸಾಕಾದ ಮೌನದಲ್ಲಿ ನಾನು ಎರಡು ಸಲ ಯಾರದೋ ತೊಡೆಯ ಮೇಲೆ ಕೂತೆ. ಎರಡು ಸಲವೂ ಅವರೇ ಕ್ಷಮೆ ಕೇಳಿದರು.

ಸುವರ್ಣಾಳ ಮನೆ

ಎರಡು ಕೋಣೆಯ ಮನೆ. ಅನ್ನ ಬೇಯಿಸುವ ಡಬ್ಬಿ ಕೆಲಸ ಮುಗಿದರೆ ಹಾಡುತ್ತದೆ. ಬಟ್ಟೆ ಒಗೆಯುವ ಯಂತ್ರ ಬೇರೆ ಹಾಡು. ಸ್ನಾನದ ನೀರು ಕಾದರೆ ಗೋಡೆಯೊಳಗಿಂದ ಒಬ್ಬ ಹೆಣ್ಣುಮಗಳು ಬಹಳ ವಿನಯದಿಂದ ಬರ್ರಿ ಎನ್ನುತ್ತಾಳೆ. ಶಾಂಪೂ ಬಾಟಲಿಯ ಬದಿಗೆ ಸಣ್ಣ ಗೀರುಗಳಿರುತ್ತವೆ, ಅದರ ಜೋಡಿಯ ಕಂಡೀಷನರ್ ಬಾಟಲಿಗೆ ಇರುವುದಿಲ್ಲ. ಕಣ್ಣು ಮುಚ್ಚಿಕೊಂಡು ತಲೆ ತೊಳೆಯುವವರಿಗೆಲ್ಲ ಅದು ಉಪಯೋಗವೇ. ಇಷ್ಟು ಸಣ್ಣದನ್ನು ಯಾರೋ ಕೂತು ಯೋಚಿಸಿದ್ದಾರಲ್ಲ ಎಂದು ನಾನು ಆ ಗೀರುಗಳನ್ನು ಬಹಳ ಹೊತ್ತು ಸವರಿದೆ.

ಹಾಗೆಂದು ಎಲ್ಲವೂ ಸರಿ ಎಂದಲ್ಲ. ಸುವರ್ಣಾ ಹೊಸದಾಗಿ ತಂದಿದ್ದ ಒಲೆ ನುಣ್ಣಗೆ ಒಂದೇ ಗಾಜು. ಗುಂಡಿ ಇಲ್ಲ, ತಿರುವುವ ಕಿವಿ ಇಲ್ಲ. ಎಲ್ಲಿ ಮುಟ್ಟಿದರೆ ಏನಾಗುತ್ತದೋ ಗೊತ್ತಾಗುವುದಿಲ್ಲ. ಹಳೆಯ ಒಲೆಯಲ್ಲಿ ನಾನೇ ಚಹಾ ಮಾಡಿಕೊಳ್ಳಬಹುದಿತ್ತು. ಜಗತ್ತೆಲ್ಲ ಈ ನುಣ್ಣನೆ ಗಾಜಿನ ಹುಚ್ಚಿಗೆ ಬಿದ್ದಿದೆ. ನೋಡಲಿಕ್ಕೆ ಚೆಂದವಿರಬಹುದು. ಗುಂಡಿ ಎಂಬುದು ಬೆರಳಿಗೆ ಕೊಟ್ಟ ಮರ್ಯಾದೆ. ಅದನ್ನು ತೆಗೆಯುವವರು ಒಮ್ಮೆ ದೀಪ ಆರಿಸಿ ತಮ್ಮದೇ ಒಲೆ ಹಚ್ಚಿ ನೋಡಬೇಕು.

ಮೂರನೇ ದಿನ ಮಧ್ಯಾಹ್ನ ಬಾಯಾರಿಕೆಯಾಗಿ ಫ್ರಿಜ್ಜಿನಿಂದ ಒಂದು ಡಬ್ಬಿ ತೆಗೆದೆ. ಮುಚ್ಚಳದ ಮೇಲೆ ಬೆರಳಾಡಿಸಿದರೆ ಬ್ರೈಲ್ ಚುಕ್ಕೆ! ನನಗೆ ಖುಷಿಯೋ ಖುಷಿ. ಆರು ಚುಕ್ಕೆಯ ಲಿಪಿ ಎಲ್ಲ ಕಡೆ ಒಂದೇ, ಆದರೆ ಅದೇ ಚುಕ್ಕೆಗೆ ಅವರ ಅಕ್ಷರ ಬೇರೆ, ನಮ್ಮದು ಬೇರೆ. ನಾನು ಕನ್ನಡದಲ್ಲಿ ಓದಿದೆ. "ಇಜ್ಞಡ" ಎಂದು ಬಂತು.

"ಸುವರ್ಣಾ, ಇಜ್ಞಡ ಅಂದ್ರ ಏನವ್ವ? ಹಣ್ಣಿನ ರಸಾ ಏನು?"

ಅವಳು ಒಳಗಿನಿಂದ ಓಡಿ ಬಂದು ಡಬ್ಬಿ ಕಸಿದುಕೊಂಡಳು. "ಅಣ್ಣಾ, ಅದು ಶೆರೆ! ನನ್ನ ಜೋಡಿ ಕೆಲಸ ಮಾಡಾಕಿ ಇಟ್ಟು ಹೋಗ್ಯಾಳ!"

ಇಷ್ಟಲಿಂಗ ಕಟ್ಟಿದ ಕೊರಳಿನವನು ನಾನು, ಅವಳು ಇನ್ನೊಂದು ನಿಮಿಷ ತಡಮಾಡಿದ್ದರೆ ಬಿಯರ್ ಕುಡಿದಿರುತ್ತಿದ್ದೆ. ನೀಲಮ್ಮ ನೆಲಕ್ಕೆ ಕೂತು ನಕ್ಕಳು. ಅಲ್ಲಿ ಶೆರೆಯ ಡಬ್ಬಿಯ ಮೇಲೆ ಮಾತ್ರ ಹೀಗೆ ಬರೆದಿರುತ್ತಾರಂತೆ, ತಣ್ಣನೆ ಪಾನಕವೆಂದು ತಿಳಿದು ಯಾರೂ ಕುಡಿಯದಿರಲಿ ಎಂದು. ಒಳ್ಳೆಯದೇ. ಆದರೆ ಉಪ್ಪಿನ ಡಬ್ಬಿ ಯಾವುದು, ಸಕ್ಕರೆ ಡಬ್ಬಿ ಯಾವುದು ಎಂದು ಯಾರೂ ಬರೆದಿರಲಿಲ್ಲ. ಅದನ್ನು ನಾಲಿಗೆಯಿಂದಲೇ ಓದಬೇಕಾಯಿತು.

ನಾರಾ

ನಾಲ್ಕನೇ ದಿನ ಸುವರ್ಣಾಳಿಗೆ ಕೆಲಸವಿತ್ತು. "ಮನ್ಯಾಗೇ ಇರ್ರಿ, ನಾಳಿಗಿ ಹೋಗಮು," ಎಂದಳು. ನಾನು ಕೇಳಲಿಲ್ಲ. ಮೂರು ದಿನದಲ್ಲಿ ನನಗೆ ರೆಕ್ಕೆ ಬಂದಿದ್ದವು. ಮೊಬೈಲು ದಾರಿ ಹೇಳುತ್ತದೆ, ಕಲ್ಲು ದಾರಿ ತೋರಿಸುತ್ತದೆ, ನೀಲಮ್ಮ ನೋಡುತ್ತಾಳೆ, ಇನ್ನೇನು ಬೇಕು ಎಂದೆ. ಕೊನೆಗೆ ಅವಳು ಒಪ್ಪಿ ತನ್ನ ವಿಳಾಸ, ಫೋನ್ ನಂಬರು, ಬದಲಿಸಬೇಕಾದ ರೈಲು ಎಲ್ಲ ಒಂದು ಹಾಳೆಯಲ್ಲಿ ಬರೆದು ನೀಲಮ್ಮನ ಕೈಗೆ ಕೊಟ್ಟಳು. ನೀಲಮ್ಮ ಅದನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ನಾರಾ ಹಳೆಯ ಊರು. ದೊಡ್ಡ ಗುಡಿಯ ಸುತ್ತ ಜಿಂಕೆಗಳು ದನಗಳ ಹಾಗೆ ತಿರುಗುತ್ತವೆ. ಒಂದು ಬಂದು ನನ್ನ ಅಂಗೈ ಮೂಸಿತು. ಮೂಗು ಒದ್ದೆ, ಉಸಿರು ಬಿಸಿ. ಬೆನ್ನು ಸವರಿದರೆ ಹೊಸ ಪೊರಕೆಯಂಥ ಕೂದಲು. ಅಷ್ಟರಲ್ಲಿ ನೀಲಮ್ಮ ಕೂಗಿದಳು. ಇನ್ನೊಂದು ಜಿಂಕೆ ಹಿಂದಿನಿಂದ ಬಂದು ಅವಳ ಸೊಂಟದ ಹಾಳೆ ಎಳೆದುಕೊಂಡು ಅಗಿಯುತ್ತಿತ್ತು.

"ನುಂಗೇಬಿಡ್ತಲ್ರಿ! ಸುವರ್ಣಾನ ವಿಳಾಸ ನುಂಗೇಬಿಡ್ತು!"

"ಇರ್ಲಿ ಬಿಡು. ಎಲ್ಲಾ ನನ್ನ ಮೊಬೈಲಿನಾಗ ಅದ."

"ಎಲ್ಲಾದಕ್ಕೂ ಅದೊಂದು ಸಿಕ್ಕಿತು ನಿಮಗ."

ಅವಳ ದನಿಯಲ್ಲಿ ಬರೀ ಸಿಟ್ಟಿರಲಿಲ್ಲ. ನಾನು ಗಮನಿಸಬೇಕಿತ್ತು, ಗಮನಿಸಲಿಲ್ಲ. ಗುಡಿಯಿಂದ ಸ್ಟೇಷನ್ನಿಗೆ ಬರುವಾಗ ಏಣಿನ ಕಲ್ಲು ಸಿಕ್ಕಿತು. ನಾನು ಅವಳ ಕೈ ಮೇಲಿನಿಂದ ನನ್ನ ಕೈ ತೆಗೆದೆ. ಹದಿನೇಳು ವರ್ಷದಲ್ಲಿ ಬಯಲಿನಲ್ಲಿ ಹಾಗೆ ಮಾಡಿದ್ದು ಅದೇ ಮೊದಲು. ಕೋಲು ಹಿಡಿದು ಬೀಸುಗಾಲು ಹಾಕಿದೆ. ಮುಖಕ್ಕೆ ಗಾಳಿ ಬಡಿಯುತ್ತಿತ್ತು. ಅಷ್ಟು ಜೋರಾಗಿ ನಡೆಯಬಲ್ಲೆ ಎಂದು ನನಗೇ ಗೊತ್ತಿರಲಿಲ್ಲ.

ಹಿಂದಿನಿಂದ ನೀಲಮ್ಮ ಸಣ್ಣಗೆ ಕೇಳಿದಳು: "ಹಂಗಾದ್ರ ನಾ ಯಾಕ ಬಂದ್ಯ?"

ನಾನು ನಗುತ್ತ, "ಬಾ, ಬಾ," ಎಂದೆ. ಉತ್ತರ ಅದಲ್ಲ.

ರೈಲು ಬದಲಿಸುವ ಸ್ಟೇಷನ್

ನಡುವೆ ಒಂದು ಕಡೆ ಇಳಿದು ಬೇರೆ ರೈಲು ಹತ್ತಬೇಕಿತ್ತು. ಪ್ಲಾಟ್‌ಫಾರ್ಮಿನಲ್ಲಿ ಗದ್ದಲ. ನೀಲಮ್ಮ ನನ್ನ ಮೊಣಕೈ ಹಿಡಿದಳು. "ಕೈ ಬಿಡು, ನಾ ಒಬ್ಬನೇ ಹತ್ತತೇನಿ. ನೀ ಮುಂದ ನಡಿ," ಎಂದೆ. ಅವಳು ಬಿಟ್ಟಳು.

ರೈಲು ಬಂತು, ಬಾಗಿಲು ತೆರೆಯಿತು. ನಾನು ಹೆಜ್ಜೆ ಇಡುವಾಗ ಅಂಚಿನ ಚುಕ್ಕೆ ಕಲ್ಲಿನ ಪಕ್ಕದಲ್ಲಿ ಒಂದು ಹೊಸ ಏಣು ತಾಗಿತು. ಪ್ಲಾಟ್‌ಫಾರ್ಮಿನ ಒಳಗಡೆ ಯಾವುದು, ಹಳಿಯ ಕಡೆ ಯಾವುದು ಎಂದು ತಿಳಿಸುವ ಏಣು. ಅರೆ, ಇದನ್ನೂ ಯೋಚಿಸಿದ್ದಾರಲ್ಲ ಎಂದು ನಿಂತೆ. ಕೋಲಿನಿಂದ ಎರಡು ಸಲ ಸವರಿದೆ, ಅಷ್ಟೇ. ಒಂದು ಸಣ್ಣ ರಾಗ ಕೇಳಿತು. ಬಾಗಿಲು ಮುಚ್ಚಿಕೊಂಡವು.

ಒಳಗಿನಿಂದ ಗಾಜಿಗೆ ಬಳೆ ಬಡಿದ ಸದ್ದು ಬಂತು. ಆಮೇಲೆ ರೈಲು ಹೋಯಿತು.

ನೀಲಮ್ಮ ತನ್ನ ಮೊಬೈಲನ್ನು ಊರಲ್ಲೇ ಬಿಟ್ಟು ಬಂದಿದ್ದಳು. ವಿಳಾಸ ಜಿಂಕೆಯ ಹೊಟ್ಟೆಯಲ್ಲಿತ್ತು. ಅವಳು ಕನ್ನಡ ಓದುತ್ತಾಳೆ, ಇಂಗ್ಲಿಷ್ ಅಕ್ಷರ ಕೂಡಿಸಲು ಬರುವುದಿಲ್ಲ, ಜಪಾನಿ ಅಂತೂ ಇಲ್ಲವೇ ಇಲ್ಲ. ಎರಡೂ ಕಣ್ಣಿದ್ದ ನನ್ನ ಹೆಂಡತಿ ಆ ದೇಶದಲ್ಲಿ ಒಂದು ಅಕ್ಷರವನ್ನೂ ಓದಲಾರಳು. ಅದು ನನಗೆ ಹೊಳೆದದ್ದು ಆ ಗಳಿಗೆಯಲ್ಲಿ. ನೀಲಾ, ನೀಲಾ ಎಂದು ಕೂಗಿದೆ.

ಯಾರೋ ಹೆಂಗಸು ಹತ್ತಿರ ಬಂದು ಏನೋ ಕೇಳಿದಳು. ನಾನು ಮೊಬೈಲಿನ ಅನುವಾದಕಕ್ಕೆ ಹೇಳಿದೆ: "ನನ್ನ ಹೆಂಡತಿ ಕಳೆದುಹೋಗಿದ್ದಾಳೆ." ಅದು ಜಪಾನಿಯಲ್ಲಿ ಹೇಳಿತು. ಅವಳು ಓಡಿಹೋಗಿ ಸ್ಟೇಷನ್ನಿನ ಇಬ್ಬರು ನೌಕರರನ್ನು ಕರೆತಂದಳು. ಅವರು ನನ್ನ ಕೋಲು ನೋಡಿ ಇನ್ನೇನೋ ತಿಳಿದರು. ಮೊಬೈಲು ಅವರ ಮಾತನ್ನು ಕನ್ನಡಕ್ಕೆ ತಂದಿತು: "ಚಿಂತಿಸಬೇಡಿ. ನೀವು ಕಳೆದುಹೋಗಿದ್ದೀರಿ. ನಾವು ನಿಮ್ಮನ್ನು ತಲುಪಿಸುತ್ತೇವೆ."

"ನಾ ಕಳದಿಲ್ರಿ! ಕಳದಾಕಿ ಆಕಿ!" ಎಂದು ಕಿರುಚಿದೆ. ಮೊಬೈಲಿಗೆ ಅರ್ಥವಾಗಲಿಲ್ಲ. ಪಾಠ ಮಾಡುವವನಂತೆ ನಿಧಾನವಾಗಿ, ಪುಸ್ತಕದ ಕನ್ನಡದಲ್ಲಿ ಮತ್ತೆ ಹೇಳಿದೆ. ಆಗ ತಿಳಿಯಿತು.

ಒಬ್ಬಾತ ಕೇಳಿದ: "ಅವರು ಧರಿಸಿರುವ ಉಡುಪಿನ ಬಣ್ಣ ಯಾವುದು?"

ನನಗೆ ಗೊತ್ತಿರಲಿಲ್ಲ. ಆ ದಿನ ಬೆಳಿಗ್ಗೆಯದಷ್ಟೇ ಅಲ್ಲ, ಹದಿನೇಳು ವರ್ಷದಲ್ಲಿ ಒಂದು ದಿನವೂ ನಾನು ಕೇಳಿರಲಿಲ್ಲ. ಅವಳ ಬಳೆಯ ಸದ್ದು ಗೊತ್ತು. ಸೀರೆಯ ಸೆರಗು ಇಳಕಲ್ಲಿನದೋ ಅಲ್ಲವೋ ಎಂದು ಬೆರಳಿಗೆ ಗೊತ್ತು. ಎಡ ಅಂಗೈಯಲ್ಲಿ ಕುಡಗೋಲಿನ ಹಳೆಯ ಗಾಯದ ಗುರುತು ಗೊತ್ತು. ಬಣ್ಣ ಗೊತ್ತಿಲ್ಲ.

"ಸೀರೆ," ಎಂದೆ. "ಸೀರೆಯ ಕೆಳಗೆ ಓಡುವವರ ಬೂಟು. ಸುವರ್ಣಾ ಕೊಡಿಸಿದ್ದು. ಎತ್ತರ ನನ್ನ ಕಿವಿಯವರೆಗೆ."

ಅವರು ಮುಂದಿನ ಸ್ಟೇಷನ್ನಿಗೆ ಫೋನ್ ಮಾಡಿದರು. ಇಲ್ಲ ಎಂದರು. ಅದರ ಮುಂದಿನದಕ್ಕೆ. ಇಲ್ಲ. ನನಗೊಂದು ಕುರ್ಚಿ ತಂದರು, ಬಿಸಿ ಚಹಾ ತಂದರು. ನಾನು ಸುವರ್ಣಾಳಿಗೆ ಫೋನ್ ಹಚ್ಚಿದೆ, ಎತ್ತಲಿಲ್ಲ. ಅವಳು ಯಾರಿಗೋ ಸ್ನಾನ ಮಾಡಿಸುತ್ತಿದ್ದಿರಬೇಕು. ಒಂದರ ಹಿಂದೆ ಒಂದು ರೈಲು ಬಂದು ಹೋಗುತ್ತಿದ್ದವು, ಪ್ರತಿ ಸಲ ಬಾಗಿಲು ತೆರೆದಾಗ ನಾನು ಬಳೆಯ ಸದ್ದಿಗೆ ಕಿವಿ ಕೊಡುತ್ತಿದ್ದೆ. ಮುಂಜಾನೆಯಿಂದ ನಾನು ಹೊಗಳಿದ ಯಂತ್ರಗಳೆಲ್ಲ ಸುತ್ತ ಮಾತಾಡುತ್ತಲೇ ಇದ್ದವು. ಬೇಕಾಗಿದ್ದ ಒಂದು ದನಿ ಮಾತ್ರ ಇಲ್ಲ.

ಮುಕ್ಕಾಲು ಗಂಟೆಯ ಮೇಲೆ ಅವರ ಫೋನ್ ಬಡಿಯಿತು. ನೌಕರ ಬಂದು ನನ್ನ ಮುಂದೆ ಮಂಡಿಯೂರಿ ಕೂತ ಸದ್ದು ಕೇಳಿತು. ಮೊಬೈಲು ಹೇಳಿತು: "ಸೀರೆ ಮತ್ತು ಬೂಟುಗಳು ಸಿಕ್ಕಿವೆ."

"ಅದರೊಳಗೆ ಆಕಿ ಅದಾಳಲ್ರಿ?" ಎಂದೆ. ಅದಕ್ಕೂ ಆತ ಹೌದೆಂದ.

ಹೆಸರು ನೆನಪಿಲ್ಲದ ಒಂದು ಊರು

ಅವಳನ್ನು ಇಲ್ಲಿಗೇ ಕರೆತರುತ್ತೇವೆ, ನೀವು ಕೂತಿರಿ ಎಂದರು. ನಾನೇ ಹೋಗುತ್ತೇನೆ ಎಂದೆ. ಅವರವರಲ್ಲೇ ಏನೋ ಮಾತಾಡಿಕೊಂಡು ನನ್ನನ್ನು ರೈಲು ಹತ್ತಿಸಿ, ಯಾವ ಡಬ್ಬಿ ಯಾವ ಬಾಗಿಲು ಎಂದು ಮುಂದಿನವರಿಗೆ ಫೋನ್ ಮಾಡಿದರು. ಅಲ್ಲಿ ಇಳಿದಾಗ ಅದೇ ಬಾಗಿಲಿನ ಮುಂದೆ ಒಬ್ಬಾತ ಮೊಣಕೈ ಚಾಚಿ ನಿಂತಿದ್ದ. ನನ್ನನ್ನು ಎಳೆಯಲಿಲ್ಲ, ದಬ್ಬಲಿಲ್ಲ. ನಮ್ಮ ಕಡೆ ಗುಡಿಯ ಸಾಲಿನಲ್ಲಿ ನನಗೆ ಸಹಾಯ ಮಾಡುವವರು ಪ್ರೀತಿಯಿಂದಲೇ ಭುಜ ಹಿಡಿದು ಗಾಡಿಯಂತೆ ನೂಕುತ್ತಾರೆ. ಈತ ಬರೀ ಮೊಣಕೈ ಕೊಟ್ಟ. ಹಿಡಿಯುವುದು ಬಿಡುವುದು ನನ್ನದು.

ಸಣ್ಣ ಸ್ಟೇಷನ್. ಹೊರಗೆ ಕಪ್ಪೆ ಕೂಗುತ್ತಿದ್ದವು, ಗದ್ದೆಯ ವಾಸನೆ ಇತ್ತು. ಆಫೀಸಿನ ಬಾಗಿಲು ಹತ್ತಿರ ಬಂದಂತೆ ಒಳಗಿನಿಂದ ಯಂತ್ರದ ಕನ್ನಡ ಕೇಳಿತು: "ನಿಮ್ಮ ಮನೆಯವರು ಒಟ್ಟು ಎಷ್ಟು ಮಂದಿ?"

ಆಮೇಲೆ ನೀಲಮ್ಮ: "ಎಷ್ಟ ಸಲ ಹೇಳ್ಲೆಪ್ಪ ನಿನಗ? ನಮ್ಮನಿಯವ್ರು ಅಂದ್ರ ಒಬ್ರೇ! ಅವ್ರಿಗಿ ಕಣ್ಣಿಲ್ಲ. ಅಲ್ಲಿ ಒಬ್ರೇ ನಿಂತಾರ. ಜಲ್ದಿ ಫೋನ್ ಮಾಡು!"

ಗಂಡನಿಗೆ ನಮ್ಮನೆಯವರು ಎನ್ನುವುದು, ಒಬ್ಬನನ್ನೇ ಅವರು ಎನ್ನುವುದು ಆ ಯಂತ್ರಕ್ಕೆ ತಿಳಿದಿರಲಿಲ್ಲ. ಪಾಪ, ಅಲ್ಲಿಯವರು ಕಣ್ಣಿಲ್ಲದ ಇಡೀ ಒಂದು ಕುಟುಂಬ ಯಾವುದೋ ಸ್ಟೇಷನ್ನಿನಲ್ಲಿ ಉಳಿದಿದೆ ಎಂದು ಗಾಬರಿಯಾಗಿ ಹುಡುಕಿಸುತ್ತಿದ್ದರಂತೆ. ಅದಕ್ಕೇ ಅಷ್ಟು ತಡ. ನಾನು ಬರುತ್ತಿದ್ದೇನೆಂದು ಯಂತ್ರ ಹೇಳಿದ್ದು ಅವಳಿಗೆ ತಿಳಿದಿರಲಿಲ್ಲ, ಅವರಿಗೆ ಉಳಿದವರ ಹುಡುಕಾಟವೂ ಮುಗಿದಿರಲಿಲ್ಲ.

"ನೀಲಾ," ಎಂದೆ.

ಕುರ್ಚಿ ಹಿಂದಕ್ಕೆ ಸರಿದ ಸದ್ದು. ಅವಳು ಬಂದು ನನ್ನ ಎರಡೂ ಕೈ ಹಿಡಿದು ಅಂಗೈ, ಮೊಣಕೈ, ಭುಜ ಎಲ್ಲ ಸವರಿ ನೋಡಿದಳು. ನಾನು ಎಲ್ಲಿಯಾದರೂ ಬಿದ್ದು ಗಾಯ ಮಾಡಿಕೊಂಡಿದ್ದೇನೆಯೇ ಎಂದು. ಆಮೇಲೆ ಎದೆಗೊಂದು ಗುದ್ದು ಹಾಕಿದಳು.

"ಕೈ ಬಿಡು ಅಂದ್ರಲ್ಲ! ಅಂದ್ರಲ್ಲ ನೀವು!"

"ಅಂದ್ಯ. ತಪ್ಪಾತು."

ಅವಳು ಮುಂದಿನ ಸ್ಟೇಷನ್ನಿನಲ್ಲೇ ಇಳಿದಿದ್ದಳು. ಬುದ್ಧಿ ಉಪಯೋಗಿಸಿ ಎದುರಿನ ಪ್ಲಾಟ್‌ಫಾರ್ಮಿಗೆ ಹೋಗಿ ಹಿಂದಕ್ಕೆ ಹೋಗುವ ರೈಲು ಹತ್ತಿದ್ದಳು. ಅದು ಬೇರೆ ದಾರಿಯದು. "ಮನಿ ಮುಗದು ಹೊಲ ಬಂದ್ವು. ಆಗ ಎದಿ ಧಸಕ್ ಅಂತು. ನನಗೇನಾಗ್ತದ ಅಂತಲ್ಲ. ನೀವು ಹಳಿ ಮ್ಯಾಲ ಬಿದ್ದೀರೇನೋ ಅಂತ," ಎಂದಳು. ಅಷ್ಟು ಹೊತ್ತು ನಾನು ಅವಳು ಕಳೆದಳೆಂದು ಅಂದುಕೊಂಡಿದ್ದೆ. ಅವಳು ನಾನು ಕಳೆದೆನೆಂದು.

ಹಿಂದಿರುಗುವ ರೈಲಿನಲ್ಲಿ ಸೀಟು ಸಿಕ್ಕಿತು. ಸ್ವಲ್ಪ ಹೊತ್ತಿನ ಮೇಲೆ ಕೇಳಿದೆ: "ಸೀರಿ ಯಾವ ಬಣ್ಣದ್ದು?"

"ಈಗ್ಯಾಕ?"

"ಅವ್ರು ಕೇಳಿದ್ರು. ನನಗ ಗೊತ್ತಿರಲಿಲ್ಲ."

ಮೂಗೆಳೆದ ಸದ್ದು ಬಂತು. "ಕಡ್ಲಿಬ್ಯಾಳಿ ಬಣ್ಣ. ಕೆಂಪು ದಡಿ," ಎಂದಳು. ನಾನು ಅದನ್ನು ನೆನಪು ಮಾಡಿಕೊಂಡೆ. ಕಣ್ಣು ಹೋಗುವ ಮುಂಚೆ ಅವ್ವ ಮೊರದಲ್ಲಿ ಕಡಲೆಬೇಳೆ ಹರಡುತ್ತಿದ್ದದ್ದು ನನಗೆ ಚೆನ್ನಾಗಿ ನೆನಪಿದೆ. ಹಾಗಾಗಿ ಜಪಾನಿನಲ್ಲಿ ಏನು ನೋಡಿದಿರಿ ಎಂದು ಯಾರಾದರೂ ಕೇಳಿದರೆ ಒಂದು ಸೀರೆ ನೋಡಿದೆ ಎಂದು ಹೇಳಬಲ್ಲೆ.

ಒಸಾಕಾ, ಹೊರಡುವ ಹಿಂದಿನ ದಿನ

ಸುವರ್ಣಾ ಆ ದಿನ ನಮ್ಮನ್ನು ಬೈದದ್ದು ಇಲ್ಲಿ ಬರೆಯುವುದು ಬೇಡ. ಉಳಿದ ದಿನಗಳಲ್ಲಿ ಎಲ್ಲಿಗೆ ಹೋದರೂ ನನ್ನ ಒಂದು ಕೈಯಲ್ಲಿ ಕೋಲು, ಇನ್ನೊಂದು ನೀಲಮ್ಮನ ತೋಳಿನ ಮೇಲೆ. ಯಂತ್ರಗಳ ಮೇಲಿನ ನನ್ನ ಮೆಚ್ಚುಗೆ ಕಡಿಮೆಯಾಗಿದೆ ಎಂದು ಯಾರೂ ತಿಳಿಯಬಾರದು. ಆ ಮೊಬೈಲು ಇಲ್ಲದಿದ್ದರೆ ನಾನು ಪ್ಲಾಟ್‌ಫಾರ್ಮಿನಲ್ಲಿ ಮೂಕನಾಗಿ ನಿಂತಿರುತ್ತಿದ್ದೆ. ಊರಿಗೆ ಬಂದ ಮೇಲೆ ಟಿಕೆಟ್ ಜಾಲತಾಣದವರಿಗೆ ಒಂದು ಉದ್ದ ಪತ್ರ ಬರೆದೆ, ನಿಮ್ಮ ಗುಂಡಿಗಳಿಗೆ ಹೆಸರಿಡಿ ಎಂದು. ಉತ್ತರ ಬಂದಿಲ್ಲ. ಮತ್ತೆ ಬರೆಯುತ್ತೇನೆ.

ಆದರೆ ನಾನು ಹೇಳಬೇಕೆಂದದ್ದು ಹೊರಡುವ ಹಿಂದಿನ ದಿನದ ಬೆಳಿಗ್ಗೆಯ ಮಾತು. ಸುವರ್ಣಾ ಕೆಲಸಕ್ಕೆ ಹೋಗಿದ್ದಳು. ಸಂಜೆ ಅವಳಿಗೆ ರೊಟ್ಟಿಯ ಜೋಡಿ ಬೆಂಡೆಕಾಯಿ ಪಲ್ಯ ಮಾಡಿ ಹಾಕಬೇಕೆಂದು ನೀಲಮ್ಮನಿಗೆ ಆಸೆ.

"ನಾ ಹೋಗಿ ಬೆಂಡಿಕಾಯಿ ತರ್ತೇನಿ," ಎಂದಳು.

"ನಡಿ, ಹೋಗಮು."

"ಹೋಗಮು ಅಲ್ಲ. ನಾ ಒಬ್ಬಾಕಿ."

"ಮೊಬೈಲು ತಗೊಂಡು ಹೋಗು."

"ಬ್ಯಾಡ. ಆ ಬಾಯಿಬಡಕಿ ನಿಮ್ಮ ಜೋಡಿ ಇರ್ಲಿ."

ಬಾಗಿಲು ಮುಚ್ಚಿತು. ಅವಳ ಬೂಟಿನ ಸದ್ದು ಮೆಟ್ಟಿಲಿಳಿದು ಹೋಯಿತು. ಹತ್ತು ನಿಮಿಷ ನಾನು ಸುದ್ದಿ ಕೇಳಿದೆ. ಇಪ್ಪತ್ತು ನಿಮಿಷಕ್ಕೆ ಮೊಬೈಲು ಬಂದ್ ಮಾಡಿದೆ. ಓಣಿಯಲ್ಲಿ ಕೋಗಿಲೆಯ ಕೂಗು, ಕೋಳಿಮರಿಯ ಕೂಗು, ಮತ್ತೆ ಕೋಗಿಲೆ. ಪ್ರತಿ ಸಲ ಯಾರೋ ರಸ್ತೆ ದಾಟುತ್ತಿದ್ದಾರೆ, ಅವಳೋ ಅಲ್ಲವೋ. ಯಾವ ಮೂಲೆಯಲ್ಲಿ ತಿರುಗಿದಳೋ. ನಾನು ಆಳಂದದಲ್ಲಿ ಒಬ್ಬನೇ ಚಹಾದಂಗಡಿಗೆ ಹೋಗಿ ತಡವಾಗಿ ಬಂದ ದಿನಗಳು ಎಷ್ಟೋ ಇವೆ. ಆಗೆಲ್ಲ ಮನೆಯಲ್ಲಿದ್ದವಳು ಏನು ಮಾಡುತ್ತಿದ್ದಳು ಎಂದು ನಾನು ಯೋಚಿಸಿದ್ದೇ ಇಲ್ಲ. ನಲವತ್ತು ನಿಮಿಷಕ್ಕೆ ಎದ್ದು ಬಾಗಿಲ ಹತ್ತಿರ ಹೋದೆ.

ಮೆಟ್ಟಿಲ ಮೇಲೆ ಬೂಟಿನ ಸದ್ದು ಬಂದಾಗ ಓಡಿಹೋಗಿ ಕುರ್ಚಿಯಲ್ಲಿ ಕೂತೆ.

"ಸಿಕ್ಕವು!" ಎಂದಳು ನೀಲಮ್ಮ ಒಳಗೆ ಬರುತ್ತ. ಏದುಸಿರಿನ ನಡುವೆ ನಗು ತುಂಬಿತ್ತು. "ಬೆರಳು ತೋರಿಸಿದ್ಯ, ಹಿಂಗ ಉದ್ದಕ ಇರ್ತದ ಅಂತ. ಅಂಗಡಿ ಮುದಕಿ ಏನಂದ್ಲು ಗೊತ್ತೇನ್ರಿ? ಒಕುರಾ, ಒಕುರಾ ಅಂದ್ಲು. ನಾನೂ ಒಕುರಾ ಅಂದ್ಯ. ಬರೂಮುಂದ ದಾರಿ ತಪ್ಪಿತ್ತು, ಮತ್ತ ಸಿಕ್ಕಿತು. ಭಾಳ ಹೊತ್ತಾತೇನು?"

"ಇಲ್ಲ ಬಿಡು. ನಾ ಆರಾಮ ಸುದ್ದಿ ಕೇಳ್ಕೋತ ಕೂತಿದ್ಯ."

ಬೆಂಡೆಕಾಯಿಯ ಚೀಲ ಕೆಳಗಿಟ್ಟ ಸದ್ದು ಬಂತು. ಆಮೇಲೆ ಅವಳು ನನ್ನ ಮುಂದೆ ನೆಲಕ್ಕೆ ಕೂತು, ನನ್ನ ಬಲಗಾಲು ಎತ್ತಿ ತನ್ನ ಮಡಿಲಲ್ಲಿಟ್ಟುಕೊಂಡು, ನಾನು ಬಾಗಿಲ ಹತ್ತಿರ ಹೋದಾಗ ಹಾಕಿಕೊಂಡಿದ್ದ ಬೂಟಿನ ಲಾಡಿಯನ್ನು ಒಂದೊಂದಾಗಿ ಬಿಚ್ಚತೊಡಗಿದಳು.